ಅವ್ವ ಒಡ್ಡಿದ ಅಂಗೈ

ಮಲ್ಲಂದೂರಿನ ಸುತ್ತಲ ಹದಿನಾಲ್ಕು ಕಾಫಿ ಎಸ್ಟೇಟುಗಳಲ್ಲಿ ಬೆಂಗಳೂರನ್ನು ನನ್ನಷ್ಟು ಬಲ್ಲವನು ಇನ್ನೊಬ್ಬನಿರಲಿಲ್ಲ. ಅಲ್ಲಿನ ಸ್ಟೇಷನ್ನಿನ ಗಡಿಯಾರ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪಿಂಗ್ ಮನೆಗಿಂತ ದೊಡ್ಡದು, ಅದರ ಮುಳ್ಳು ತಿರುಗಿಸಲು ಎರಡು ಆಳು ಬೇಕು ಎಂದು ಈ ಸೀಮೆಗೆ ಮೊದಲು ತಿಳಿಸಿದವನು ನಾನು. ದಂಡಿನ ಬೀದಿಯಲ್ಲಿ ಒಬ್ಬ ಕರ್ನಲ್ ದೊರೆ ಕುದುರೆಯಿಂದಿಳಿದು ನನ್ನ ಬೀಡಿಗೆ ಬೆಂಕಿ ಕೊಟ್ಟ ಸಂಗತಿ ನಮ್ಮ ಕೂಲಿ ಲೈನಿನ ಮನೆಗಳ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು. ಇದಕ್ಕೆಲ್ಲ ಇದ್ದ ಕೊರತೆ ಒಂದೇ. ನಾನು ಬೆಂಗಳೂರಿಗೆ ಹೋಗಿರಲಿಲ್ಲ. ಪಾರ್ಚ್‌ಮೆಂಟ್ ಕಾಫಿ ಮೂಟೆಯ ಗಾಡಿಗಳ ಜೊತೆ ಕಡೂರಿನ ಸ್ಟೇಷನ್ನಿನವರೆಗೆ ಹೋಗಿ, ರೈಲಿನ ಹೊಗೆ ಕುಡಿದು, ಅಲ್ಲಿಂದಲೇ ವಾಪಸು ಬರುತ್ತಿದ್ದೆ.

ಮೂವತ್ತೇಳನೇ ಇಸವಿಯ ಕೊಯ್ಲು ಮುಗಿದ ವಾರ ನಮ್ಮ ಎಸ್ಟೇಟಿನ ದೊರೆಸಾನಿ ಒಂದು ಹೊಸ ಮಾತು ಹೇಳಿ ಕಳಿಸಿದರು. ಇಪ್ಪತ್ತು ವರ್ಷ ದುಡಿದವರನ್ನೆಲ್ಲ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ, ಅಲ್ಲಿನ ಹಳೆಯ ಚರ್ಚುಗಳನ್ನು ತೋರಿಸಿಕೊಂಡು ಬರುವುದು. ಒಂದು ಚರ್ಚಿನ ಗೋಡೆಯಲ್ಲಿ ಅವರ ಅಜ್ಜನ ಹೆಸರು ಹಿತ್ತಾಳೆಯ ಹಲಗೆಯ ಮೇಲೆ ಇದೆಯಂತೆ. ಭಾನುವಾರ ಬೆಳಿಗ್ಗೆ ಅಲ್ಲಿ ಇಳಿಯುವುದು, ಸಂಜೆ ಮತ್ತೆ ರೈಲು ಹತ್ತುವುದು. ಲೆಕ್ಕಕ್ಕೆ ಸಿಕ್ಕವರು ಒಂಬತ್ತು ಜನ. ಅವರಲ್ಲಿ ಮೊದಲನೆಯವಳು ನನ್ನ ಅವ್ವ ಹುಚ್ಚಮ್ಮ. ಇವರನ್ನು ನಡೆಸಿಕೊಂಡು ಹೋಗಲು ಬೆಂಗಳೂರು ಬಲ್ಲ ಮೇಸ್ತ್ರಿ ಮಾರಯ್ಯ, ಎಂದರೆ ನಾನು. ಅವ್ವನ ಕೈ ಹಿಡಿಯಲು ನನ್ನ ಮಗಳು ಮುತ್ತಿ.

ಅವ್ವನ ಹೆಸರು ಕೇಳಿ ನಗಬೇಡಿ. ಅವಳಿಗಿಂತ ಮೊದಲು ಹುಟ್ಟಿದ ಮೂರು ಕೂಸು ಸತ್ತಿದ್ದವು. ಇದನ್ನಾದರೂ ಯಮ ಬಿಟ್ಟುಹೋಗಲಿ ಎಂದು ಇಟ್ಟ ಹೆಸರು ಅದು. ಇಡೀ ಮನೆಯಲ್ಲಿ ನೆಟ್ಟಗೆ ಬುದ್ಧಿ ಇದ್ದವಳು ಅವಳೊಬ್ಬಳೇ. ಬಂಗಲೆಯ ಹಾಲಿನ ಕೋಣೆ ಇಪ್ಪತ್ತೆರಡು ವರ್ಷದಿಂದ ಅವಳ ಕೈಯಲ್ಲಿತ್ತು. ಐವತ್ತು ಹಸುಗಳ ಹಾಲು ಕರೆದು, ಕಾಸಿ, ಕಡೆದು, ಬೆಣ್ಣೆಯನ್ನು ಬಾಳೆಲೆಯಲ್ಲಿ ಸುತ್ತಿ ದೊರೆಸಾನಿಯ ಮೇಜಿಗೆ ಕಳಿಸುತ್ತಿದ್ದಳು. ಆ ಕೋಣೆಯೊಳಗೆ ಬರಬೇಕಾದರೆ ದೊರೆಯೂ ಬಾಗಿಲಲ್ಲಿ ನಿಂತು ಕೇಳಬೇಕಿತ್ತು.

ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಅಂಜನಮ್ಮ ಬುತ್ತಿಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ಎಂದಿಗಿಂತ ಜೋರಾಗಿತ್ತು.

"ನಾನೂ ಹದಿನೆಂಟು ವರ್ಷದಿಂದ ಇದೇ ತೋಟದಲ್ಲಿ ಹಣ್ಣು ಕುಯ್ದಿದೀನಿ," ಅಂದಳು. "ಇನ್ನೆರಡು ವರ್ಷ ಕಮ್ಮಿ ಬಿತ್ತು ಅಂತ ನಂಗೆ ರೈಲು ತಪ್ತು."

"ರೈಲು ಎಂಥದ್ದೇ ಮಾರಾಯ್ತಿ, ಬರೀ ಹೊಗೆ. ನಂಗೆ ಹತ್ತಿ ಹತ್ತಿ ಸಾಕಾಗಿದೆ."

"ಸಾಕಾದೋರು ಎಂತಕ್ಕೆ ಮೂರು ದಿನದಿಂದ ಕೋಟು ಒಗೀತಿದೀರಿ?"

ಅವ್ವ ಮೂಲೆಯಲ್ಲಿ ಹುರುಳಿ ಚಟ್ನಿ ಅರೆಯುತ್ತಿದ್ದಳು. "ಅಂಜನಿ, ನನ್ನ ಬದ್ಲು ನೀನೇ ಹೋಗೇ. ನಂಗೇನು, ಹೊರನಾಡಿನ ಅಮ್ಮನ್ನ ನೋಡಿದೀನಿ, ಸಾಕು."

"ಬ್ಯಾಡ ಅತ್ತೆ. ಕತ್ತಲಲ್ಲಿ ಎದ್ದು ಹಾಲು ಕರೆದೋರು ನೀವು. ಹೋಗ್ಬನ್ನಿ. ಅಲ್ಲಿ ಪ್ರಸಾದ ಗಿಸಾದ ಕೊಟ್ರೆ ನಂಗೂ ಒಂಚೂರು ತನ್ನಿ."

"ತರ್ದೆ ಇರ್ತೀನಾ? ದೇವ್ರ ಮನೆಗೆ ಹೋಗಿ ಬರಿಗೈಲಿ ಬಂದೋಳಲ್ಲ ನಾನು."

ರೈಲಿನಲ್ಲಿ ದೊರೆಸಾನಿ ಮುಂದಿನ ಡಬ್ಬಿಯಲ್ಲಿದ್ದರು. ನಾವು ಹನ್ನೊಂದು ಜನ ಮೂರನೇ ಕ್ಲಾಸಿನ ಹಲಗೆಯ ಮೇಲೆ ಒತ್ತಿಕೊಂಡು ಕೂತಿದ್ದೆವು. ಎಲ್ಲರ ಪ್ರಶ್ನೆಯೂ ನನಗೇ. ನಾನು ಹೊರಗೆ ನೋಡದೆಯೇ ಉತ್ತರ ಕೊಡುತ್ತಿದ್ದೆ.

"ಇದ್ಯಾವ ಊರು ಮಾರಯ್ಯ?" ಎಂದು ಕೇಳಿದ ಗಿಡ ಸವರುವ ಕಪಾತು ಕೆಲಸದ ಭೂತಯ್ಯ.

"ತುಮಕೂರು. ನನ್ನ ಸ್ನೇಹಿತರು ಬಹಳ ಜನ ಇದಾರೆ ಇಲ್ಲಿ."

ನಾಲ್ಕನೇ ಕ್ಲಾಸು ಓದಿದ ಮುತ್ತಿ ಕಿಟಕಿಯಲ್ಲಿ ತಲೆ ಹಾಕಿ ಬೋರ್ಡು ಓದಿದಳು. "ಅಪ್ಪ, ಅರಸೀಕೆರೆ ಅಂತ ಬರ್ದೈತೆ."

"ತಪ್ಪು ಬರ್ದಿದಾರೆ. ಹೋದ್ಸಲನೇ ಸ್ಟೇಷನ್ ಮಾಸ್ತರಿಗೆ ಹೇಳಿದ್ದೆ, ಇನ್ನೂ ಅಳಿಸಿಲ್ಲ."

ಎಲ್ಲರೂ ನಕ್ಕರು. ಅವ್ವ ಮಾತ್ರ ಭೂತಯ್ಯನ ಕಡೆ ತಿರುಗಿ, "ಇದ್ರೂ ಇರ್ಬೋದು ಕಣಪ್ಪ. ನನ್ನ ಮಗ ಊರೂರು ತಿರುಗಿದೋನು," ಅಂದಳು.

ದೊರೆಸಾನಿಯ ಅಜ್ಜನ ಹೆಸರಿದ್ದ ದಂಡಿನ ಆ ಚರ್ಚು ನಮ್ಮ ಬಾಬಾಬುಡನ್‌ಗಿರಿಗಿಂತ ನಾಲ್ಕು ಮೊಳ ಎತ್ತರವಿತ್ತು ಎಂದು ಮುಂದೆ ನಾನು ಹೇಳಿದ್ದುಂಟು. ಅಷ್ಟಿರಲಿಲ್ಲ. ಬಿಳಿಯ ಗೋಡೆ, ಬಣ್ಣದ ಗಾಜಿನ ಕಿಟಕಿ, ಒಳಗೆ ತಂಪು. ಪೂಜೆಯ ಹೊತ್ತು. ದೊರೆಸಾನಿ ಬಾಗಿಲಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. ಅವರು ನಮ್ಮ ಬೆಟ್ಟದಲ್ಲೇ ಹುಟ್ಟಿ ಬೆಳೆದವರು, ಅವರ ಕನ್ನಡದಲ್ಲಿ ತಪ್ಪು ಹುಡುಕುವುದು ಕಷ್ಟ.

"ಮಾರಯ್ಯ, ಎಲ್ಲರೂ ಹಿಂದಿನ ಬೆಂಚಿನಲ್ಲಿ ಕೂತಿರಲಿ. ಪ್ರಸಾದಕ್ಕೆ ಮುಂದೆ ಬರುವುದು ನಮ್ಮ ಧರ್ಮದವರು ಮಾತ್ರ. ಪೂಜೆ ಮುಗಿದ ಮೇಲೆ ನಾನೇ ಒಳಗೆಲ್ಲ ತೋರಿಸುತ್ತೇನೆ. ಅವರಿಗೆ ಹೇಳು."

"ಹೇಳ್ತೀನಿ ಅಮ್ಮಾವ್ರೆ."

ಹೇಳಲಿಲ್ಲ. ಇನ್ನೊಬ್ಬರು ಹೇಳಿದ್ದನ್ನು ದಾಟಿಸಿದರೆ ನನಗೆ ಗೊತ್ತಿಲ್ಲವೆಂದಾಗುತ್ತದೆ. "ನನ್ನ ನೋಡ್ಕಂಡು ಮಾಡಿ," ಎಂದಷ್ಟೇ ಹೇಳಿ ಹಿಂದಿನ ಬೆಂಚಿನಲ್ಲಿ ಕೂತೆ.

ಹಾಡಾಯಿತು, ಓದಾಯಿತು. ಆಮೇಲೆ ಇನ್ನೊಂದು ಹಾಡು ಶುರುವಾಗಿ, ಜನ ಸಾಲಾಗಿ ಎದ್ದು ಹೋಗಿ ಕಟಕಟೆಯ ಮುಂದೆ ಮೊಣಕಾಲೂರತೊಡಗಿದರು. ದೊರೆಸಾನಿಯೂ ಹೋದರು. ಅವ್ವ ನನ್ನ ಕಿವಿಯ ಹತ್ತಿರ ಬಂದಳು.

"ಮಾರ, ಪ್ರಸಾದ ಕೊಡ್ತಿದಾರೆ ಅಲ್ವೇನೋ? ನಾವೂ ಹೋಗ್ಬೋದಾ?"

ಆಗ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೆಂಚಿನ ಮೇಲಿದ್ದ ಒಂಬತ್ತು ಮುಖವೂ ನನ್ನ ಕಡೆ ತಿರುಗಿತ್ತು.

"ಹೋಗ್ಬೋದಾ ಅಂತ ಕೇಳ್ತೀಯಲ್ಲವ್ವ! ಹೋಗ್ದಿದ್ರೆ ಅಪಚಾರ. ನಾನು ಹತ್ತು ಸಲ ತಗಂಡಿದೀನಿ. ಹೋಗು, ಹೋಗು."

"ನಾನೂ ಬರ್ತೀನಜ್ಜಿ," ಎಂದಳು ಮುತ್ತಿ.

"ನೀ ಕೂತಿರು ಮಗ. ನಿಂಗೂ ತರ್ತೀನಿ, ನಿಮ್ಮವ್ವಂಗೂ ತರ್ತೀನಿ."

ಅವ್ವ ಸೆರಗು ಹೊದ್ದು, ಬರಿಗಾಲಲ್ಲಿ ಆ ಉದ್ದದ ನಡುದಾರಿಯಲ್ಲಿ ಹೋಗಿ ದೊರೆಸಾನಿಯಿಂದ ಮೂರಾಳು ಆಚೆ ಮೊಣಕಾಲೂರಿದಳು. ಯಾವುದೋ ಬಂಗಲೆಯ ಕ್ರಿಸ್ತರ ಆಯಾ ಎಂದುಕೊಂಡರೇನೋ, ಪಾದ್ರಿ ಅವಳ ಕೈಗೂ ರೊಟ್ಟಿಯ ಚೂರು ಇಟ್ಟರು. ಅವ್ವ ಅದನ್ನು ಕಣ್ಣಿಗೊತ್ತಿ ಮನೆಗೆಂದು ಎಡಗೈಯ ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಿಂದೆಯೇ ಇನ್ನೊಬ್ಬ ಪಾದ್ರಿ ಬೆಳ್ಳಿಯ ಬಟ್ಟಲು ಹಿಡಿದು ಬಂದರು. ಎಲ್ಲರೂ ಅದೇ ಬಟ್ಟಲಿಗೆ ಬಾಯಿಟ್ಟು ಒಂದೊಂದು ಗುಟುಕು ಕುಡಿಯುತ್ತಿದ್ದರು. ಅವ್ವ ಹುಟ್ಟಿದಾಗಿನಿಂದ ಇನ್ನೊಬ್ಬರ ಬಾಯಿ ತಾಗಿದ ಲೋಟ ಮುಟ್ಟಿದವಳಲ್ಲ. ಹೊರನಾಡಿನಲ್ಲಿ ತೀರ್ಥಕ್ಕೆ ಹೇಗೋ ಹಾಗೆ ಬಲ ಅಂಗೈಯನ್ನು ಗುಳಿ ಮಾಡಿ ಮುಂದೊಡ್ಡಿದಳು. ಪಾದ್ರಿ ಬಟ್ಟಲನ್ನು ಬಾಯಿಯ ಹತ್ತಿರ ತಂದರು. ಅವ್ವ ತಲೆ ಹಿಂದಕ್ಕೆಳೆದು ಕೈಯನ್ನು ಇನ್ನಷ್ಟು ಎತ್ತಿದಳು. ಕೈ ಬಟ್ಟಲಿಗೆ ತಾಗಿತು.

ಕೆಂಪು ದ್ರಾಕ್ಷಾರಸ ಪಾದ್ರಿಯ ಬಿಳಿ ನಿಲುವಂಗಿಯ ಮೇಲೆ, ಕಟಕಟೆಯ ಬಟ್ಟೆಯ ಮೇಲೆ, ಕಲ್ಲಿನ ಮೇಲೆ ಚೆಲ್ಲಿತು. ಹಾಡು ನಿಂತಿತು. ಪಾದ್ರಿ ನೆಲಕ್ಕೆ ಬಾಗಿ ಬಟ್ಟೆಯಿಂದ ಒರೆಸತೊಡಗಿದರು. ಅವ್ವನೂ ಬಾಗಿ ತನ್ನ ಸೆರಗಿನಿಂದಲೇ ಒರೆಸತೊಡಗಿದಳು. ಅವರು ಬೇಡ ಬೇಡವೆಂದು ಕೈ ಆಡಿಸಿದರು. ಮೊದಲಿನ ಪಾದ್ರಿ ಬಂದು ಮೆತ್ತಗೆ ಏನೋ ಹೇಳಿ ಅವಳ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ವಾಪಸು ತೆಗೆದುಕೊಂಡರು. ಕೊಟ್ಟ ಪ್ರಸಾದವನ್ನು ಕೈಯಿಂದ ಮರಳಿ ತೆಗೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೊರಗೆ ಬಂದಾಗ ದೊರೆಸಾನಿಯ ಮುಖ ಹಣ್ಣು ಕಾಫಿಯ ಹಾಗೆ ಕೆಂಪಾಗಿತ್ತು. "ಮಾರಯ್ಯ, ನಾನು ಹೇಳಿರಲಿಲ್ಲವೇ?"

"ಹೇಳಿದ್ರಿ ಅಮ್ಮಾವ್ರೆ. ನಾನೂ ಎಲ್ರಿಗೂ ಹೇಳ್ದೆ. ಅವ್ವ ಕೇಳ್ಲಿಲ್ಲ." ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ನಾಲಿಗೆಗೆ ನಿಲ್ಲುವ ಅಭ್ಯಾಸವಿಲ್ಲ. "ಈಚೀಚೆಗೆ ಅವ್ಳಿಗೆ ತಲೆ ಸರಿ ಇಲ್ಲ ಅಮ್ಮಾವ್ರೆ. ಏನು ಮಾಡ್ತೀನಿ ಅನ್ನೋದು ಗೊತ್ತಾಗಲ್ಲ. ಹೆಸ್ರೇ ಹುಚ್ಚಮ್ಮ ಅಲ್ವಾ?"

ಅವ್ವ ಮೂರು ಮಾರು ದೂರದಲ್ಲಿ ನಿಂತಿದ್ದಳು. ಕೇಳಿಸಿತು. ಒದ್ದೆ ಸೆರಗನ್ನು ಹಿಂಡುತ್ತಲೇ ಇದ್ದಳು.

ಆಮೇಲೆ ಎರಡು ಚರ್ಚು ನೋಡಿದೆವು. ಎರಡಕ್ಕೂ ಅವ್ವ ಒಳಗೆ ಬರಲಿಲ್ಲ. ಕೊನೆಯದರಿಂದ ಮುತ್ತಿ ಓಡಿಬಂದು ಅವಳ ಕೈ ಎಳೆದಳು.

"ಅಜ್ಜೀ, ಬಾ! ಒಳಗೆ ಅಮ್ಮ ನಮ್ಮಂಗೇ ಸೀರೆ ಉಟ್ಟವ್ಳೆ. ಮಗು ಎತ್ಕಂಡವ್ಳೆ. ಯಾರು ಬೇಕಾದ್ರೂ ಹೋಗಿ ಮೇಣದಬತ್ತಿ ಹಚ್ಬೋದಂತೆ."

"ನೀ ನೋಡ್ಕಂಬಾ ಮಗ. ನಾನು ಚಪ್ಪಲಿ ಕಾಯ್ತೀನಿ."

ಅರವತ್ತು ದಾಟಿದ ನನ್ನ ಅವ್ವ ಬಿಸಿಲಲ್ಲಿ ಏಳು ಜೊತೆ ಚಪ್ಪಲಿ ಕಾಯುತ್ತಾ ಕೂತಳು.

ಮನೆಗೆ ಬಂದಾಗ ಅಂಜನಮ್ಮ ಮೊದಲು ಕೇಳಿದ್ದು, "ಪ್ರಸಾದ ತಂದ್ರಾ ಅತ್ತೆ?"

ಅವ್ವ ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದ್ದೆ. ದೊರೆಸಾನಿಗೆ ಹೇಳಿದ ಸುಳ್ಳು ಒಂದೇ ಒಂದು ಮೊಳದ್ದು. ಮನೆಯಲ್ಲಿ ಅದು ಮಾರುದ್ದವಾಯಿತು, ಲೈನಿಗೆ ಹೋಗುವ ಹೊತ್ತಿಗೆ ಕಡೂರಿನ ರೈಲಿನಷ್ಟಾಯಿತು. ಅವ್ವ ಪಾದ್ರಿಯ ಕೈಯಿಂದ ಬಟ್ಟಲು ಕಿತ್ತುಕೊಂಡಳು. ಗಂಟೆಯ ಜೊತೆ ಮಾತಾಡಿದಳು. ದಾರಿಯಲ್ಲಿ ನನ್ನನ್ನೇ, ನೀನ್ಯಾರಪ್ಪ, ಎಂದು ಕೇಳಿದಳು. ಜನ ಬಿದ್ದು ಬಿದ್ದು ನಕ್ಕರು. ನಕ್ಕಷ್ಟೂ ನಾನು ಬೆಳೆಸಿದೆ. ಜೊತೆಗೆ ಬಂದಿದ್ದ ಉಳಿದ ಎಂಟು ಜನಕ್ಕೂ ನಾನು ಹೋಗು ಅಂದದ್ದು ಕೇಳಿಸಿತ್ತು. ಆದರೆ ಮೇಸ್ತ್ರಿಯ ಮಾತಿಗೆ ಎದುರಾಡಿ ಹಾಜರಿ ಕಳೆದುಕೊಳ್ಳುವವರು ಯಾರು? ಭೂತಯ್ಯ ಒಬ್ಬನೇ ನಗದೆ ನೆಲ ನೋಡುತ್ತಿದ್ದ. ಎರಡು ದಿನದ ನಂತರ ಅವನೂ ನಕ್ಕ.

ಎರಡನೇ ವಾರ ಬಂಗಲೆಯ ಬಟ್ಲರ್ ಬಂದ. "ಅಜ್ಜಿ ಇನ್ನು ಆರಾಮಾಗಿ ಮನೇಲಿರ್ಲಿ ಅಂದ್ರು ಅಮ್ಮಾವ್ರು. ಹಾಲು, ಬೆಂಕಿ, ಬಿಸಿ ಪಾತ್ರೆ ಎಲ್ಲ ಅಪಾಯ ಅಂತೆ. ನಾಳೆಯಿಂದ ಭೂತಯ್ಯನ ಹೆಂಡ್ತಿ ಹಾಲಿನ ಕೋಣೆ ನೋಡ್ಕೊಳ್ತಾಳೆ."

"ಆಗ್ಲಪ್ಪ," ಎಂದಳು ಅವ್ವ. "ಕಪ್ಪು ಹಸು ಎಡಗಡೆಯಿಂದ ಕೂತ್ರೆ ಒದೀತದೆ ಅಂತ ಅವ್ಳಿಗೆ ಹೇಳು."

ಮೂರನೇ ವಾರ ನಮ್ಮ ಮನೆಯೊಳಗೂ ಅದೇ ಆಯಿತು. ಅಂಜನಮ್ಮ ಕೆಟ್ಟವಳಲ್ಲ, ನನ್ನ ಮಾತು ನಂಬಿದ್ದಳು ಅಷ್ಟೆ. ಅವ್ವ ಕಡುಬಿನ ಪಾತ್ರೆ ಇಳಿಸಲು ಹೋದರೆ, "ಬಿಡಿ ಅತ್ತೆ, ಸುಟ್ಕೊಂಡೀರಿ," ಎಂದು ಕಿತ್ತುಕೊಳ್ಳುತ್ತಿದ್ದಳು. ಉಪ್ಪಿನ ಮರಿಗೆ ಅಟ್ಟಕ್ಕೆ ಹೋಯಿತು. ಅವ್ವನಿಗೆ ಊಟ ಮೊದಲೇ ಬಡಿಸಿ, ಮುಗಿಯುವವರೆಗೂ ಎದುರಿಗೆ ಕೂತು ನೋಡುತ್ತಿದ್ದಳು. ಅವ್ವ ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದಳು. ಮಾಡಲು ಕೆಲಸವಿಲ್ಲದ ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ನೋಡಿದೆ. ನೋಡಿ ಬೇಗ ಎದ್ದು ಹೊರಗೆ ಹೋಗುತ್ತಿದ್ದೆ. ಹೊರಗೆ ಲೈನಿನ ಮಕ್ಕಳು, "ಅಜ್ಜೀ, ತೀರ್ಥ ಬೇಕಾ ತೀರ್ಥ?" ಎಂದು ಅಂಗೈ ಚಾಚಿ ಓಡುತ್ತಿದ್ದವು.

ಒಂದು ದಿನ ಊಟದ ಹೊತ್ತಿಗೆ ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು.

"ಅತ್ತೆ, ನೀವು ಮತ್ತೆ ಉಪ್ಪು ಹಾಕಿದ್ರಾ?" ಎಂದಳು ಅಂಜನಮ್ಮ.

"ಇಲ್ವಲ್ಲೇ."

"ನೆನಪಿಲ್ದೆ ಹಾಕಿರ್ತೀರಿ."

"ಹಾಕಿದೀನೇನೋ," ಎಂದಳು ಅವ್ವ.

ಮುತ್ತಿ ತಟ್ಟೆ ತಳ್ಳಿದಳು. "ಉಪ್ಪು ಎರಡು ಸಲ ಹಾಕಿದ್ದು ನಾನು. ಅಜ್ಜಿ ಅಲ್ಲ. ಚರ್ಚಲ್ಲೂ ಅಜ್ಜಿ ಅಲ್ಲ."

"ಮುತ್ತಿ, ಉಣ್ಣು," ಅಂದೆ.

"ನೀವೇ ಹೋಗು ಹೋಗು ಅಂದ್ರಿ ಅಪ್ಪ. ಅಪಚಾರ ಅಂದ್ರಿ. ನಾನು ಪಕ್ದಲ್ಲೇ ಕೂತಿದ್ದೆ."

"ಅಜ್ಜಿ ಜೊತೆ ಸೇರಿ ನಿಂಗೂ ತಲೆ ಕೆಡ್ತಾ?"

ಹಾಗಂದು ನಕ್ಕೆ. ಜೊತೆಗೆ ಯಾರೂ ನಗಲಿಲ್ಲ. ಅಂಜನಮ್ಮ ನನ್ನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಅವ್ವ ಮುತ್ತಿಯ ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ಸರಿಸಿ, "ದೊಡ್ಡೋರಿಗೆ ಎದುರಾಡಬಾರ್ದು," ಎಂದಳು. ಮುತ್ತಿ ಉಣ್ಣದೆ ಎದ್ದುಹೋದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು.

ನಾಲ್ಕನೇ ವಾರ ಎಸ್ಟೇಟಿನವರಿಗೆ ಔಷಧಿ ಕೊಡುವ ಡ್ರೆಸ್ಸರ್ ತಮ್ಮಯ್ಯನವರು ಪೆಟ್ಟಿಗೆ ಹಿಡಿದು ಮನೆಗೇ ಬಂದರು. ದೊರೆಸಾನಿ ಕಳಿಸಿದ್ದರು. ಅಜ್ಜಿಯ ಕಾಯಿಲೆ ಬೆಳೆಯುವ ಮೊದಲು ನೋಡಿ, ಬೇಕಾದರೆ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ತಮ್ಮ ಖರ್ಚಿನಲ್ಲೇ ಸೇರಿಸುತ್ತಾರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

"ಇವತ್ತು ಯಾವ ವಾರ ಅಜ್ಜಿ?" ಎಂದು ಕೇಳಿದರು ತಮ್ಮಯ್ಯ.

"ಗುರುವಾರ. ನೀವು ಬರೋದು ಸೋಮವಾರ ಅಲ್ವಾ? ಎಂತಕ್ಕೆ ಇವತ್ತು ಬಂದ್ರಿ?"

ತಮ್ಮಯ್ಯ ನನ್ನ ಕಡೆ ನೋಡಿದರು. "ನಿಮ್ಮ ಹತ್ರ ಎಷ್ಟು ಹಸು ಇದ್ವು?"

"ಒಂಬತ್ತು. ಮೂರು ಗಬ್ಬ ಇದಾವೆ. ಕೆಂಪು ಹಸು ಈಯೋಕೆ ಇನ್ನು ಹನ್ನೆರಡು ದಿನ." ಐವತ್ತು ಎಂದದ್ದು ನನ್ನ ಲೆಕ್ಕ, ಅವ್ವನದೇ ಸರಿ.

"ನೆಟ್ಟಗಿದೀರಲ್ಲ ಅಜ್ಜಿ! ಮತ್ತೆ ಆವತ್ತು ಅಮ್ಮಾವ್ರ ಮಾತು ಮೀರಿ ಎಂತಕ್ಕೆ ಮುಂದೆ ಹೋದ್ರಿ? ಯಾರಾದ್ರೂ ಹೋಗು ಅಂದ್ರಾ? ಅಂದಿದ್ರೆ ಹೇಳಿ. ಬರ್ದು ಕೊಡ್ತೀನಿ. ಹಾಲಿನ ಕೋಣೆ ನಿಮಗೇ ಬರ್ತದೆ."

ಅವ್ವ ನನ್ನ ಕಡೆ ಒಂದು ಸಲ ನೋಡಿದಳು. ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಜ್ವರ ಬಂದು ಮಲಗಿದಾಗ ಹಾಗೆ ನೋಡುತ್ತಿದ್ದಳು.

"ಯಾರೂ ಅನ್ಲಿಲ್ಲಪ್ಪ. ನಂಗೇ ಒಂದೊಂದ್ಸಲ ತಲೆ ನಿಲ್ಲಲ್ಲ."

ತಮ್ಮಯ್ಯ ಅದನ್ನು ಬರೆದುಕೊಂಡು ಹೋದರು.

"ನಾನೇ ಹೇಳಿದ್ದು," ಅಂದೆ. ಮಾತು ನನ್ನ ಬಾಯಿಂದ ಅಷ್ಟು ಚಿಕ್ಕದಾಗಿ ಬಂದದ್ದು ಅದೇ ಮೊದಲು.

"ಏನು?" ಎಂದಳು ಅಂಜನಮ್ಮ.

"ಮುಂದೆ ಹೋಗ್ಬೇಡಿ ಅಂತ ಅಮ್ಮಾವ್ರು ನಂಗೆ ಹೇಳಿದ್ರು. ನಾನು ಯಾರಿಗೂ ಹೇಳ್ಲಿಲ್ಲ. ಹೋಗು ಅಂತ ಅವ್ವನ್ನ ಕಳ್ಸಿದೆ."

ಅಂಜನಮ್ಮ ಕಿರುಚಲಿಲ್ಲ. ಅತ್ತೆಯ ಮುಂದೆ ಕೂತಳು. "ಹೌದಾ ಅತ್ತೆ? ಮತ್ತೆ ನೀವು ಎಂತಕ್ಕೆ ಬಾಯಿ ಬಿಡ್ಲಿಲ್ಲ? ನಾನು ನಿಮ್ಮ ಕೈಯಿಂದ ಉಪ್ಪು ಕಿತ್ಕೊಂಡಾಗ್ಲೂ?"

"ಸುಳ್ಳು ಹೇಳಿದ ಅಂತ ಗೊತ್ತಾದ್ರೆ ಅವ್ನ ಮೇಸ್ತ್ರಿ ಕೆಲ್ಸ ಉಳೀತದೇನೇ? ನೀವು ಮೂರು ಜನ. ನಾನೊಬ್ಳು."

ಅಂಜನಮ್ಮ ಎದ್ದು ಅಟ್ಟದಿಂದ ಉಪ್ಪಿನ ಮರಿಗೆ ಇಳಿಸಿ ಅವ್ವನ ಪಕ್ಕದಲ್ಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ಬಂಗ್ಲೆಗೆ ಹೋಗ್ರಿ. ಈಗ್ಲೇ. ಹೇಳಿ ಬಂದ್ಮೇಲೆ ಈ ಮನೇಲಿ ಊಟ."

ದೊರೆಸಾನಿ ವರಾಂಡದಲ್ಲಿ ಕೂತಿದ್ದರು. ನಾನು ನಿಂತು, ಒಂದು ಮಾತೂ ಸೇರಿಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದುಕೊಂಡೇ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಮಾರಯ್ಯ, ಹೋದ ಮಳೆಗಾಲದಲ್ಲಿ ಹುಲಿಯೊಂದು ನಿನ್ನ ಕಂಬಳಿ ಹೊದ್ದುಕೊಂಡು ಹೋಯಿತು ಎಂದಿದ್ದೆ."

"ಹೌದು ಅಮ್ಮಾವ್ರೆ."

"ನಿಜವೇ?"

"ಸುಳ್ಳು."

"ಕರ್ನಲ್ ನಿನ್ನ ಬೀಡಿ ಹಚ್ಚಿದ್ದು?"

"ಅದೂ ಸುಳ್ಳು. ಆದ್ರೆ ಇದು ನಿಜ ಅಮ್ಮಾವ್ರೆ. ಹೊರನಾಡಮ್ಮನ ಆಣೆ. ನನ್ನ ಮಗಳನ್ನ ಕರೆಸಿ ಕೇಳಿ."

ಅವರು ಮೇಜಿನ ಮೇಲಿದ್ದ ತಮ್ಮಯ್ಯನವರ ಚೀಟಿ ತೋರಿಸಿದರು. "ನಿನ್ನ ತಾಯಿಯೇ ಒಪ್ಪಿಕೊಂಡಿದ್ದಾಳೆ. ಮಗಳಿಗೂ ಹೇಳಿಕೊಟ್ಟಿರುತ್ತೀಯ, ಪಾಪ." ಅವರ ಕಣ್ಣು ಒದ್ದೆಯಾಗಿತ್ತು. "ಆಸ್ಪತ್ರೆ ಬೇಡವೆಂದು ತಾನೇ ಈ ತಪ್ಪನ್ನು ನಿನ್ನ ಮೇಲೆ ಹಾಕಿಕೊಳ್ಳುವುದು? ಬೇಡ ಬಿಡು, ಕಳಿಸುವುದಿಲ್ಲ. ಮನೆಯಲ್ಲೇ ಇರಲಿ. ಹಾಲಿನ ಕೋಣೆಗೆ ಮಾತ್ರ ಬೇಡ. ನೀನು ಒಳ್ಳೆಯ ಮಗ ಮಾರಯ್ಯ. ಇಂಥ ಮಗ ಎಷ್ಟು ತಾಯಂದಿರಿಗೆ ಇರುತ್ತಾನೆ?"

ಬಟ್ಲರನ್ನು ಕರೆದು ಒಂದು ಡಬ್ಬಿ ಬಿಸ್ಕತ್ತು ಕೊಡಿಸಿದರು. ಬೇಡ ಎಂದೆ. ಅದಕ್ಕೂ ಮೆಚ್ಚಿಕೊಂಡರು.

ದಾರಿಯಲ್ಲಿ, ಕಣದ ಹತ್ತಿರ ಭೂತಯ್ಯ ಸಿಕ್ಕಿದ. ಅವನಿಗೂ ಹೇಳಿದೆ. "ಆ ಒಂಬತ್ತು ಜನದಲ್ಲಿ ನೀನೂ ಇದ್ಯಲ್ಲೋ, ನಾನು ಹೋಗು ಅಂದಿದ್ದು ಕೇಳಿಸ್ಲಿಲ್ವಾ?"

ಭೂತಯ್ಯ ತಲೆ ಕೆರೆದ. "ಕೇಳಿಸ್ದಂಗೂ ಇತ್ತು. ಆಮೇಲೆ ನೀನು ಇಷ್ಟು ಸಲ ಬೇರೆ ಥರ ಹೇಳಿದ್ಯಲ್ಲ ಮಾರಾಯ, ನಂಗೆ ಈಗ ಅದೇ ನೆನಪಿರೋದು."

ಮನೆಯ ಜಗಲಿಯಲ್ಲಿ ಮೂವರೂ ಕೂತಿದ್ದರು. ಅವ್ವ ಹಲಸಿನ ಎಳೆಗಾಯಿ ಹೆಚ್ಚುತ್ತಿದ್ದಳು. ಈಳಿಗೆಮಣೆ ಮತ್ತೆ ಅವಳ ಕೈಗೆ ಬಂದಿತ್ತು.

"ಏನಂದ್ರೋ?" ಎಂದಳು.

"ಆಸ್ಪತ್ರೆಗೆ ಕಳ್ಸಲ್ವಂತೆ. ಹಾಲಿನ ಕೋಣೆ ಇಲ್ವಂತೆ. ನಾನು ಹೇಳಿದ್ದನ್ನ ನಂಬ್ಲಿಲ್ಲ ಅವ್ವ."

ಅವ್ವ ಇನ್ನೊಂದು ಹೋಳು ಹೆಚ್ಚಿದಳು. "ನಾನಾದ್ರೂ ನಂಬ್ತಿರ್ಲಿಲ್ಲ ಬಿಡೋ."

"ಕೈಲಿ ಎಂಥದ್ದು?" ಒಂದು ವಾರದ ಮೇಲೆ ಮುತ್ತಿ ನನ್ನೊಡನೆ ಆಡಿದ ಮೊದಲ ಮಾತು ಅದು.

"ಬಿಸ್ಕತ್ತು."

"ಎಂತಕ್ಕೆ ಕೊಟ್ರು?"

ಏನು ಬೇಕಾದರೂ ಹೇಳಬಹುದಿತ್ತು. ಏನೂ ಹುಟ್ಟಲಿಲ್ಲ. "ಒಳ್ಳೆ ಮಗ ಅಂತ ಕೊಟ್ರು," ಅಂದೆ.

ಅಂಜನಮ್ಮ ಮುಖ ಆಚೆ ತಿರುಗಿಸಿದಳು. ಅವ್ವ ಕೈ ಒರೆಸಿಕೊಂಡು ಡಬ್ಬಿ ಇಸಿದುಕೊಂಡಳು, ಮುಚ್ಚಳ ತೆಗೆದಳು, ಮೊದಲನೆಯದನ್ನು ನನ್ನ ಮುಂದೆ ಹಿಡಿದಳು. "ಕೊಟ್ಟಿದಾರಲ್ಲ, ತಿನ್ನು. ಮಧ್ಯಾಹ್ನದಿಂದ ಏನೂ ತಿಂದಿಲ್ಲ ನೀನು."

ತಿಂದೆ. ಮೂವರೂ ನೋಡುತ್ತಿದ್ದರು. ವಿಲಾಯತಿಯ ಬಿಸ್ಕತ್ತು ಹೇಗಿತ್ತು ಮೇಸ್ತ್ರಿ, ಎಂದು ಲೈನಿನವರೆಲ್ಲ ವಾರವಿಡೀ ಕೇಳಿದರು. ಅದೊಂದನ್ನು ನಾನು ಇದುವರೆಗೂ ಯಾರಿಗೂ ಹೇಳಿಲ್ಲ.